ಪೊಟ್ಟಣದ ಅಳತೆ

ಹಲಸೂರಿನಲ್ಲಿ ಸೋಮೇಶ್ವರನ ಗುಡಿಗೆ ಸಮೀಪವಾಗಿರುವ ನಮ್ಮ ಮನೆಯಲ್ಲಿ, ರಾತ್ರಿ ಬೀದಿಯ ಗದ್ದಲವೆಲ್ಲ ಅಡಗಿದ ಮೇಲೆ, ದಂಡಿನ ನಿಲ್ದಾಣದ ಕಡೆಯಿಂದ ರೈಲಿನ ಕೂಗು ಒಮ್ಮೊಮ್ಮೆ ತೇಲಿ ಬರುವುದುಂಟು. ಆ ಕೂಗನ್ನು ಕೇಳಿದಾಗಲೆಲ್ಲ ನನಗೆ ನಮ್ಮ ತಂದೆಯವರ ನೆನಪಾಗುತ್ತದೆ; ಅದರ ಬೆನ್ನಿಗೇ ನಾನು ಮಾಡಿದ ಒಂದು ತಪ್ಪಿನ ನೆನಪೂ ಬರುತ್ತದೆ. ತಂದೆಯವರು ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತರಾಗಿದ್ದವರು. ನಾನು ಕಂಪ್ಯೂಟರುಗಳ ಕಾವಲುಗಾರ. ಈ ಎರಡು ವೃತ್ತಿಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟೆಂಬುದು ನನಗೂ ಬಹುಕಾಲ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಒಬ್ಬ ನಿರಪರಾಧಿಯ ಮೇಲೆ ನಾನು ದೋಷವನ್ನು ಹೊರಿಸಿಯಾಗಿದ್ದಿತು. ಆ ಸಂಗತಿಯನ್ನು ಇಲ್ಲಿ ನಿವೇದಿಸುವೆನು. ಶಾಸನ, ಕಾವ್ಯವಿಚಾರ, ಊರಿನ ಚರಿತ್ರೆ ಮುಂತಾದುವನ್ನು ಓದಿ ಅಭ್ಯಾಸವಾದವರಿಗೆ ಯಂತ್ರದ ಮಾತು ಸ್ವಲ್ಪ ಒರಟಾಗಿ ತೋರಿದರೆ ಮನ್ನಿಸಬೇಕು.

೧೮೦೯ರಲ್ಲಿ ದಂಡು ಇಲ್ಲಿಗೆ ಬಂದು ನೆಲೆಸಿದಂದಿನಿಂದ ಬೆಂಗಳೂರು ಎರಡು ಊರುಗಳಂತೆ ಬೆಳೆಯಿತು. ಪಡುವಣಕ್ಕೆ ಪೇಟೆ, ಮೂಡಣಕ್ಕೆ ದಂಡು. ಎರಡಕ್ಕೂ ಒಂದೇ ಕಾರ್ಪೊರೇಷನ್ ಆದದ್ದು ೧೯೪೯ರಲ್ಲಿ. ರೈಲು ದಾರಿಗಳಲ್ಲಿಯೂ ಇಂಥ ಭೇದವೊಂದಿದ್ದಿತು. ೧೮೬೪ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ಬಂದ ದಾರಿಯು ಅಗಲವಾದದ್ದು. ಹಳಿಯಿಂದ ಹಳಿಗೆ ಐದೂವರೆ ಅಡಿ. ಬೆಂಗಳೂರಿನಿಂದ ಮೈಸೂರಿಗೆ ೧೮೮೨ರಲ್ಲಿ ಮುಗಿದ ದಾರಿಯಾದರೋ ಒಂದು ಮೀಟರ್ ಮಾತ್ರ ಅಗಲವುಳ್ಳದ್ದು. ಆದಕಾರಣ ಮದರಾಸಿನ ಕಡೆಯಿಂದ ದೊಡ್ಡ ಬಂಡಿಯಲ್ಲಿ ಬಂದ ಸಾಮಾನು ಮೈಸೂರಿಗೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಇಳಿಯಬೇಕು, ಕೂಲಿಯಾಳುಗಳ ಹೆಗಲೇರಬೇಕು, ಚಿಕ್ಕ ಬಂಡಿಯನ್ನು ಸೇರಬೇಕು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಮೈಸೂರಿನ ದಾರಿಯೂ ಅಗಲವಾಗುವವರೆಗೆ ಈ ಕೆಲಸ ನಡೆದೇ ಇದ್ದಿತು. ನಮ್ಮ ತಂದೆಯವರ ಉದ್ಯೋಗ ಇದೇ. ದೊಡ್ಡ ಬಂಡಿಯ ಲೆಕ್ಕವನ್ನು ಚಿಕ್ಕ ಬಂಡಿಯ ಲೆಕ್ಕಕ್ಕೆ ಇಳಿಸುವುದು.

ಒಂದೊಂದು ಸಲ ಯಾವುದೋ ಯಂತ್ರದ ಭಾಗವೋ, ಉದ್ದವಾದ ಕಬ್ಬಿಣದ ತೊಲೆಯೋ ಬರುವುದು. ಚಿಕ್ಕ ಬಂಡಿಗೆ ಅದು ಹಿಡಿಸದು. ಆಗ ತಂದೆಯವರು ಒಂದು ಚೀಟಿಯನ್ನು ಬರೆದು ಕಳುಹಿಸಿದವನಿಗೆ ತಲಪಿಸುವರು. “ಇದು ಮುಂದೆ ಹೋಗದು, ಇಷ್ಟು ಉದ್ದ ಇಷ್ಟು ಎತ್ತರದೊಳಗೆ ಬಿಡಿಬಿಡಿಯಾಗಿ ಕಳುಹಿಸತಕ್ಕದ್ದು” ಎಂದು ಅದರ ಒಕ್ಕಣೆ. ಊಟಕ್ಕೆ ತಡವಾದರೂ ಆ ಚೀಟಿಯನ್ನು ಮರುದಿನಕ್ಕೆ ಉಳಿಸಿದವರಲ್ಲ. “ಸಾಮಾನು ಹಿಡಿಸದಿದ್ದರೆ ಅದು ಸಾಮಾನಿನ ತಪ್ಪೂ ಅಲ್ಲ, ಬಂಡಿಯ ತಪ್ಪೂ ಅಲ್ಲ, ಹಿಡಿಸದೆಂದು ಹೇಳದೆ ಹೋದರೆ ಅದು ಗುಮಾಸ್ತನ ತಪ್ಪು” ಎಂದು ಅವರು ಆಗಾಗ ಹೇಳುತ್ತಿದ್ದರು. ಹುಡುಗನಾಗಿದ್ದ ನನಗೆ ಇದು ಕಚೇರಿಯ ಒಣ ಮಾತಾಗಿ ಕೇಳಿಸುತ್ತಿದ್ದಿತು.

ನಾನು ಬೆಳೆದು ಉದ್ಯೋಗಕ್ಕೆ ಸೇರುವ ವೇಳೆಗೆ ದಂಡಿನ ಪ್ರದೇಶದಲ್ಲಿ ಬೇರೊಂದು ಬಗೆಯ ಸಾಗಾಣಿಕೆ ತೊಡಗಿದ್ದಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯವರು ಮಿಲ್ಲರ್ಸ್ ರಸ್ತೆಯ ಕಟ್ಟಡವೊಂದರಲ್ಲಿ ನೆಲೆಯೂರಿ, ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಅಮೆರಿಕಕ್ಕೆ ಕಳುಹಿಸುವ ಏರ್ಪಾಡನ್ನು ಮಾಡಿದರು. ಅವರ ಉಪಕರಣವನ್ನು ಎತ್ತಿನ ಗಾಡಿಯು ಹೊತ್ತುದನ್ನು ಊರಿನ ಜನ ಇಂದಿಗೂ ನೆನೆಯುವುದುಂಟು. ಆಮೇಲೆ ಇಂದಿರಾನಗರದಲ್ಲಿ, ಕೃಷ್ಣರಾಜಪುರದಾಚೆಯ ಬಯಲುಗಳಲ್ಲಿ ಇಂಥ ಕಚೇರಿಗಳು ಸಾಲುಗಟ್ಟಿದುವು. ಇಂದಿರಾನಗರದ ಒಂದು ಸಣ್ಣ ಕಚೇರಿಯಲ್ಲಿ ನಾನೂ ಸೇರಿಕೊಂಡೆನು.

ಇನ್ನು ವಿಷಯಕ್ಕೆ ಬರುವೆನು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗತಕ್ಕ ಪತ್ರವಾಗಲಿ ಚಿತ್ರವಾಗಲಿ ಇಡಿಯಾಗಿ ಹೋಗುವುದಿಲ್ಲ. ಅದನ್ನು ಸಣ್ಣ ಪೊಟ್ಟಣಗಳನ್ನಾಗಿ ಕಟ್ಟಿ, ಒಂದೊಂದರ ಮೇಲೂ ವಿಳಾಸವನ್ನು ಬರೆದು, ಒಂದರ ಹಿಂದೊಂದು ಕಳುಹಿಸುವರು. ಅಕ್ಷರವೊಂದರಷ್ಟು ಜಾಗಕ್ಕೆ ಬೈಟ್ ಎಂದು ಹೆಸರು. ಸಾಮಾನ್ಯವಾಗಿ ಒಂದು ಪೊಟ್ಟಣ ೧೫೦೦ ಬೈಟುಗಳನ್ನು ಮೀರತಕ್ಕದ್ದಲ್ಲ. ಈ ಸಂಖ್ಯೆ ಬಂದುದು ಈಥರ್‌ನೆಟ್ ಎಂಬ ಪದ್ಧತಿಯಿಂದ. ಅದು ೧೯೭೩ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ ಹುಟ್ಟಿತು. ೧೯೮೦ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಎಂಬ ಮೂರು ಸಂಸ್ಥೆಗಳು ಕೂಡಿ ಅದರ ಕಟ್ಟಳೆಗಳನ್ನು ಪ್ರಕಟಿಸಿದುವು. ಆಗ ಸ್ಮೃತಿಯೆಂಬ ಸಾಮಗ್ರಿಗೆ ಬೆಲೆ ಹೆಚ್ಚು. ಒಂದೇ ತಂತಿಯನ್ನು ಹಲವರು ಹಂಚಿಕೊಳ್ಳಬೇಕಾಗಿದ್ದಿತು. ಒಬ್ಬನ ಪೊಟ್ಟಣ ತೀರ ದೊಡ್ಡದಾದರೆ ಉಳಿದವರು ಕಾದು ನಿಲ್ಲಬೇಕು. ಆ ಕಾಲದ ವೇಗದಲ್ಲಿ ೧೫೦೦ ಬೈಟುಗಳ ಪೊಟ್ಟಣವೊಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚು ಕಾಲ ತಂತಿಯನ್ನು ಹಿಡಿದಿರುತ್ತಿದ್ದಿತು. ತಂತಿಯ ವೇಗ ಈಗ ಸಾವಿರ ಮಡಿಯಾಗಿದೆ. ಸಂಖ್ಯೆ ಮಾತ್ರ ಹಾಗೆಯೇ ಉಳಿದಿದೆ.

ಇದಾದ ಮೇಲೆ ವರ್ಚುವಲ್ ಮೆಷೀನುಗಳು ಬಂದುವು. ಒಂದು ದೊಡ್ಡ ಯಂತ್ರದೊಳಗೆ ಹತ್ತಾರು ತೋರಿಕೆಯ ಯಂತ್ರಗಳನ್ನು ಇರಿಸುವುದೇ ಈ ಉಪಾಯ. ದೊಡ್ಡದು ಆತಿಥೇಯ, ಒಳಗಿನವು ಅತಿಥಿಗಳು. ಒಂದೊಂದು ಅತಿಥಿಯೂ ತಾನು ಸ್ವತಂತ್ರವಾದ ಯಂತ್ರವೆಂದೇ ತಿಳಿದಿರುತ್ತದೆ. ತನಗೊಂದು ಜಾಲದ ಕಾರ್ಡು ಇದೆಯೆಂದೂ ಅದಕ್ಕೊಂದು ತಂತಿ ತಗುಲಿದೆಯೆಂದೂ ನಂಬಿರುತ್ತದೆ. ನಿಜಕ್ಕೆ ಅಲ್ಲಿ ಕಾರ್ಡೂ ಇಲ್ಲ, ತಂತಿಯೂ ಇಲ್ಲ. ಸ್ಮೃತಿಯ ಒಂದು ಮೂಲೆಯಲ್ಲಿ ಅತಿಥಿಯು ಗಂಟನ್ನು ಇಟ್ಟರೆ ಆತಿಥೇಯನು ಅದನ್ನು ಎತ್ತಿಕೊಳ್ಳುತ್ತಾನೆ. ಈ ಕೊಡುಕೊಳ್ಳುವಿಕೆಯನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು, ಸಾರಥಿ ಎನ್ನೋಣ. ಆಸ್ಟ್ರೇಲಿಯದ ರಸ್ಟಿ ರಸೆಲ್ಲರು ೨೦೦೮ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ವರ್ಟಿಯೋ ಎಂಬುದು ಇಂಥ ಸಾರಥಿಗಳಲ್ಲಿ ಹೆಸರಾದದ್ದು. ತಂತಿಯೇ ಇಲ್ಲದಲ್ಲಿ ೧೫೦೦ರ ಕಟ್ಟು ಏತಕ್ಕೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ವಸ್ತುತಃ ಅತಿಥಿಯು ೬೪,೦೦೦ ಬೈಟುಗಳಷ್ಟು ದೊಡ್ಡ ಗಂಟನ್ನೇ ಒಂದೇ ಬಾರಿಗೆ ಆತಿಥೇಯನಿಗೆ ಒಪ್ಪಿಸಬಹುದು. ಹೊರಗಿನ ದಾರಿಗೆ ಬೇಕಾದ ತುಂಡುಗಳನ್ನು ಆಮೇಲೆ ಕತ್ತರಿಸಿದರೆ ಸಾಕು. ಆದರೆ ತುಂಡಿನ ಅಳತೆ ಎಷ್ಟೆಂಬುದನ್ನು ಹೇಳುವವನು ಅತಿಥಿಯೇ. ಅವನ ಸಾರಥಿಯ ಮನಸ್ಸಿನಲ್ಲಿ ೧೫೦೦ ಎಂದು ಇದ್ದರೆ, ಮುಂದಿನ ದಾರಿ ಎಷ್ಟೇ ಇಕ್ಕಟ್ಟಾಗಿರಲಿ, ಎಲ್ಲವೂ ಆ ಅಳತೆಗೇ ಕತ್ತರಿಸಲ್ಪಡುವುದು.

೨೦೧೫ನೆಯ ಇಸವಿಯ ಮಳೆಗಾಲದಲ್ಲಿ ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಯವರು ತಮ್ಮ ದಾಖಲೆಗಳನ್ನೂ ಎಕ್ಸ್‌ರೇ ಚಿತ್ರಗಳನ್ನೂ ಕಾಪಾಡುವ ಕೆಲಸವನ್ನು ನಮಗೆ ಒಪ್ಪಿಸಿದರು. ಅದುವರೆಗೆ ಅವರ ಕಟ್ಟಡದಲ್ಲಿಯೇ ಇದ್ದ ಹಳೆಯ ಯಂತ್ರವನ್ನು ಬಿಟ್ಟು, ಎಲ್ಲವನ್ನೂ ಇಂದಿರಾನಗರದ ನಮ್ಮ ವರ್ಚುವಲ್ ಮೆಷೀನಿಗೆ ಸಾಗಿಸಿದ್ದಾಯಿತು. ಕೆಲಸವನ್ನು ಮಾಡಿದವನು ನನ್ನ ಕೈಕೆಳಗಿನ ಒಬ್ಬ ತರುಣ. ಕೋಲಾರದ ಕಡೆಯವನು, ಕೃಷ್ಣರಾಜಪುರದಲ್ಲಿ ಕೊಠಡಿ ಹಿಡಿದಿದ್ದವನು. ಮೆಟ್ರೋ ಆಗ ಬೈಯಪ್ಪನಹಳ್ಳಿಗೇ ನಿಲ್ಲುತ್ತಿದ್ದುದರಿಂದ, ಅಲ್ಲಿಯವರೆಗೆ ಬಸ್ಸಿನಲ್ಲಿ ಬಂದು, ಇಳಿದು, ಮತ್ತೆ ಹತ್ತಿ ಬರುತ್ತಿದ್ದನು. ಮಿತಭಾಷಿ, ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವ ಸ್ವಭಾವದವನಲ್ಲ.

ಮೊದಲನೆಯ ದಿನವೇ ತೊಂದರೆ ಕಾಣಿಸಿತು. ಆಸ್ಪತ್ರೆಯಲ್ಲಿ ಕುಳಿತು ರೋಗಿಯ ಹೆಸರನ್ನು ಕೇಳಿದರೆ ಬರುವುದು. ವಯಸ್ಸು, ದಿನಾಂಕ, ವೈದ್ಯರ ಹೆಸರು ಎಲ್ಲವೂ ಬರುವುವು. ಎಕ್ಸ್‌ರೇ ಚಿತ್ರವನ್ನು ಕೇಳಿದರೆ ಮಾತ್ರ ತೆರೆಯು ಬೆಳ್ಳಗೆ ನಿಂತುಬಿಡುವುದು. ತಪ್ಪಾಯಿತೆಂಬ ಮಾತೂ ಇಲ್ಲ, ಆಗದೆಂಬ ಮಾತೂ ಇಲ್ಲ; ಸುಮ್ಮನೆ ಕಾಯುವುದು. ದಾರಿಯನ್ನು ಪರೀಕ್ಷಿಸಲು ಪಿಂಗ್ ಎಂಬ ಸಣ್ಣ ಪೊಟ್ಟಣವನ್ನು ಕಳುಹಿಸಿ ನೋಡಿದೆನು. ಹೋಯಿತು, ಮರಳಿ ಬಂದಿತು. ದಾರಿ ಸರಿಯಾಗಿದೆಯೆಂದು ತೀರ್ಮಾನಿಸಿದೆನು. ಆ ಸಂಜೆ ತರುಣನು ನನ್ನ ಮೇಜಿನ ಬಳಿಗೆ ಬಂದು, “ಸರ್, ಪೊಟ್ಟಣದ ಅಳತೆಯದೇನಾದರೂ ಇರಬಹುದೇ?” ಎಂದನು. ನಾನು ತಲೆಯೆತ್ತದೆ, “ಪಿಂಗ್ ಹೋಗುತ್ತಿದೆಯಲ್ಲಯ್ಯ, ದಾರಿಯಲ್ಲಿ ಏನೂ ಇಲ್ಲ, ನೀನು ಸಾಗಿಸಿದ್ದನ್ನು ಮತ್ತೊಮ್ಮೆ ನೋಡು” ಎಂದೆನು. ಅವನು ಹೊರಟುಹೋದನು.

ಎರಡು ದಿನ ಹೀಗೆಯೇ ಕಳೆಯಿತು. ಆಸ್ಪತ್ರೆಯ ಸೇವಕನೊಬ್ಬನು ಚಿತ್ರಗಳನ್ನು ತಟ್ಟೆಯಲ್ಲಿ ತುಂಬಿಸಿಕೊಳ್ಳಲು ಆಟೋರಿಕ್ಷಾದಲ್ಲಿ ಶಿವಾಜಿನಗರದಿಂದ ಇಂದಿರಾನಗರಕ್ಕೆ ಮಳೆಯಲ್ಲಿ ಓಡಾಡಿದನು. ಸೊಂಟದ ಮೂಳೆ ಮುರಿದ ಒಬ್ಬ ಮುದುಕಿಯ ಶಸ್ತ್ರಚಿಕಿತ್ಸೆ ಬೆಳಿಗ್ಗೆಯಿಂದ ಸಂಜೆಗೆ ಸರಿಯಿತು. ಹಳೆಯ ಚಿತ್ರವನ್ನು ನೋಡದೆ ವೈದ್ಯರು ಕೈಯಿಡಲೊಪ್ಪಲಿಲ್ಲ. ಮುದುಕಿಯ ಮಗಳು ನೀರೂ ಕುಡಿಯದೆ ಬಾಗಿಲಲ್ಲಿ ಕುಳಿತಿದ್ದಳೆಂದು ಆ ಸೇವಕನು ಹೇಳಿದನು. ನನ್ನ ಮೇಲಧಿಕಾರಿಗಳು ಕಾರಣವನ್ನು ಕೇಳಿದರು. ನಾನು ಒಂದು ಪತ್ರವನ್ನು ಬರೆದೆನು. ಸಾಗಾಣಿಕೆಯಲ್ಲಿ ಅನನುಭವಿಯಾದ ನೌಕರನಿಂದ ಅಜಾಗರೂಕತೆ ನಡೆದಿದೆಯೆಂದು. ಹೆಸರನ್ನೂ ಬರೆದೆನು.

ಮೂರನೆಯ ರಾತ್ರಿ ಎಲ್ಲರೂ ಹೋದ ಮೇಲೆ, ತರುಣನ ಮಾತು ಏತಕ್ಕೋ ನೆನಪಾಗಿ, ದೊಡ್ಡ ಪಿಂಗುಗಳನ್ನು ಕಳುಹಿಸಿ ನೋಡಿದೆನು. ದಾರಿಯಲ್ಲಿ ಯಾರೂ ಒಡೆಯತಕ್ಕದ್ದಲ್ಲವೆಂಬ ಗುರುತನ್ನೂ ಹಾಕಿದೆನು. ೧೦೦೦ ಹೋಯಿತು. ೧೪೦೦ ಹೋಯಿತು. ೧೪೪೮ ಹೋಯಿತು. ೧೪೪೯ ಹೋಗಲಿಲ್ಲ. ಒಂದೇ ಒಂದು ಬೈಟು! ವಿಳಾಸ ಮೊದಲಾದ ತಲೆಬರಹಕ್ಕೆ ೨೮ ಸೇರಿಸಿದರೆ ೧೪೭೬. ಅಲ್ಲಿಗೆ ಗುಟ್ಟು ಬಯಲಾಯಿತು. ನಮ್ಮ ಕಚೇರಿಗೂ ಆಸ್ಪತ್ರೆಗೂ ನಡುವೆ ಜಿ.ಆರ್.ಇ. ಎಂಬ ಬಗೆಯ ಒಂದು ಸುರಂಗವನ್ನು ಕಟ್ಟಿದ್ದೆವು. ಸುರಂಗವೆಂದರೆ ಒಂದು ಪೊಟ್ಟಣವನ್ನು ಇನ್ನೊಂದು ಪೊಟ್ಟಣದೊಳಗಿಟ್ಟು ಕಳುಹಿಸುವ ಕ್ರಮ. ಹೊರಗಿನ ಹೊದಿಕೆಗೆ ೨೪ ಬೈಟುಗಳು ಬೇಕು. ಒಳಗಿನದಕ್ಕೆ ಉಳಿಯುವುದು ೧೪೭೬. ಅತಿಥಿ ಯಂತ್ರದ ಸಾರಥಿಗೆ ಇದು ತಿಳಿಯದು. ಅದು ತನ್ನ ಪಿತ್ರಾರ್ಜಿತವಾದ ೧೫೦೦ರ ಅಳತೆಗೇ ಚಿತ್ರವನ್ನು ಕತ್ತರಿಸಿ ಕಳುಹಿಸುತ್ತಿದ್ದಿತು. ಹೆಸರು, ವಯಸ್ಸುಗಳು ಸಣ್ಣ ಪೊಟ್ಟಣಗಳಾದುದರಿಂದ ನುಸುಳಿಹೋದುವು. ಚಿತ್ರದ ತುಂಬು ಪೊಟ್ಟಣಗಳು ಸುರಂಗದ ಬಾಯಲ್ಲಿ ಬಿದ್ದುಹೋದುವು.

ಇಷ್ಟೇ ಆಗಿದ್ದರೆ ಯಂತ್ರದ ದೋಷವೆಂದು ಸುಮ್ಮನಾಗಬಹುದಾಗಿದ್ದಿತು. ಆದರೆ ಇಂಥ ಇಕ್ಕಟ್ಟಿಗೆ ಪರಿಹಾರವನ್ನು ಹಿರಿಯರು ಬಹಳ ಹಿಂದೆಯೇ ಯೋಚಿಸಿದ್ದರು. ಮೊಗಲ್ ಮತ್ತು ಡೀರಿಂಗ್ ಎಂಬಿಬ್ಬರು ೧೯೯೦ರ ನವೆಂಬರಿನಲ್ಲಿ ಬರೆದ ವಿಧಿಯ ಪ್ರಕಾರ, ಪೊಟ್ಟಣ ಹಿಡಿಸದಿದ್ದರೆ ದಾರಿಯ ನಡುವಣ ಯಂತ್ರವು ಅದನ್ನು ಎಸೆದು ಸುಮ್ಮನಿರತಕ್ಕದ್ದಲ್ಲ. “ಇದು ದೊಡ್ಡದಾಯಿತು, ನನ್ನ ಅಳತೆ ಇಷ್ಟು” ಎಂದು ಕಳುಹಿಸಿದವನಿಗೆ ಒಂದು ಸಂದೇಶವನ್ನು ಮರಳಿಸತಕ್ಕದ್ದು. ಅದನ್ನು ಓದಿದ ಯಂತ್ರವು ಪೊಟ್ಟಣವನ್ನು ಕಿರಿದುಮಾಡಿ ಮತ್ತೆ ಕಳುಹಿಸುವುದು. ಇದು ನಮ್ಮ ತಂದೆಯವರ ಚೀಟಿಯೇ ಅಲ್ಲವೆ! ನಮ್ಮ ಸುರಂಗದ ಯಂತ್ರವೂ ಆ ಚೀಟಿಯನ್ನು ಬರೆಯುತ್ತಲೇ ಇದ್ದಿತು. ಮೂರು ದಿನಗಳಲ್ಲಿ ಸಾವಿರಾರು ಚೀಟಿಗಳನ್ನು ಬರೆದಿದ್ದಿತು. ಒಂದೂ ಅತಿಥಿಗೆ ತಲಪಿರಲಿಲ್ಲ.

ಏಕೆ ತಲಪಲಿಲ್ಲವೆಂದು ಹುಡುಕುತ್ತ ಹೋದಾಗ, ಅತಿಥಿಗೂ ಸುರಂಗಕ್ಕೂ ನಡುವೆ ನಿಂತಿದ್ದ ಫೈರ್‌ವಾಲ್ ಎಂಬ ಕಾವಲುಬಾಗಿಲಿನಲ್ಲಿ ಒಂದು ಕಟ್ಟಳೆ ಕಂಡಿತು. ಪಿಂಗ್ ಒಂದನ್ನುಳಿದು ಆ ಜಾತಿಯ ಸಂದೇಶಗಳೆಲ್ಲವನ್ನೂ ತಡೆಯತಕ್ಕದ್ದು ಎಂದು. ಅದರ ಪಕ್ಕದಲ್ಲಿ ಬರೆದವನ ಹೆಸರೂ, ೨೦೧೨ ಎಂಬ ಇಸವಿಯೂ ಇದ್ದುವು. ಹೆಸರು ನನ್ನದು. ಭದ್ರತೆಗೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಿ ನಾನೇ ಅದನ್ನು ಹಾಕಿದ್ದೆನು; ಪಿಂಗ್ ನನಗೆ ಬೇಕಾಗಿದ್ದುದರಿಂದ ಅದೊಂದನ್ನು ಮಾತ್ರ ಬಿಟ್ಟಿದ್ದೆನು. ಬೇಕಾದ ಕುಶಲಪ್ರಶ್ನೆಗೆ ಬಾಗಿಲನ್ನು ತೆರೆದಿಟ್ಟು, ಬೇಡವಾದ ದೂರಿಗೆ ಮುಚ್ಚಿದ್ದಂತಾಯಿತು. ಗುಮಾಸ್ತನು ಚೀಟಿಯನ್ನು ಬರೆದಿದ್ದನು; ಅದನ್ನು ಹರಿದುಹಾಕಿದವನು ನಾನು. ಆ ತರುಣನ ಮಾತನ್ನೂ ನಾನು ಹರಿದುಹಾಕಿದ್ದು ಹೀಗೆಯೇ ಎಂಬುದು ಆ ಕ್ಷಣದಲ್ಲಿ ಹೊಳೆದು, ಆ ತಂಪಿನ ಕೊಠಡಿಯಲ್ಲಿ ನನಗೆ ಬೆವರು ಬಂದಿತು.

ಅತಿಥಿಯ ಸಾರಥಿಗೆ ೧೪೭೬ ಎಂದು ಬರೆದೆನು. ಬಾಗಿಲಿನಲ್ಲಿ ಆ ಸಂದೇಶಕ್ಕೆ ದಾರಿಯನ್ನು ಬಿಟ್ಟೆನು. ಚಿತ್ರಗಳು ಕಣ್ಣೆವೆಯಿಕ್ಕುವಷ್ಟರಲ್ಲಿ ಬಂದುವು. ಮರುದಿನ ಮೇಲಧಿಕಾರಿಗಳ ಬಳಿಗೆ ಹೋಗಿ ನನ್ನ ಪತ್ರವನ್ನು ಹಿಂದಕ್ಕೆ ಪಡೆದು, ನಡೆದುದನ್ನು ಇದ್ದಂತೆ ಬರೆದುಕೊಟ್ಟೆನು. ಆಮೇಲೆ ತರುಣನನ್ನು ಕರೆದು ಕ್ಷಮೆಯನ್ನು ಕೇಳಿದೆನು. “ಪರವಾಗಿಲ್ಲ ಸರ್” ಎಂದನು. ಅದು ಸಣ್ಣ ಪೊಟ್ಟಣ, ಸುಲಭವಾಗಿ ಹಾದುಬಂದಿತು. ಅವನ ಮನಸ್ಸಿನಲ್ಲಿದ್ದ ದೊಡ್ಡ ಪೊಟ್ಟಣವನ್ನು ನನಗೆ ತಲಪಿಸಲು ಅವನು ಮತ್ತೆ ಯತ್ನಿಸಲಿಲ್ಲ. ಎರಡು ತಿಂಗಳಲ್ಲಿ ಬೇರೆ ಕಡೆ ಕೆಲಸ ದೊರೆತು ಹೊರಟುಹೋದನು. ಆ ಮುದುಕಿ ಗುಣಹೊಂದಿ ಮನೆಗೆ ಹೋದಳೆಂದು ಆಸ್ಪತ್ರೆಯ ಸೇವಕನಿಂದ ತಿಳಿಯಿತು; ಅದು ನನ್ನ ಪುಣ್ಯದಿಂದಾದುದಲ್ಲ.

ಇದರ ಮರುವರ್ಷ, ೨೦೧೬ರಲ್ಲಿ, ಲಿನಕ್ಸಿನ ವರ್ಟಿಯೋ ಸಾರಥಿಗೆ ಒಂದು ಹೊಸ ಅನುಕೂಲವನ್ನು ಸೇರಿಸಿದರು. ಅತಿಥಿಯು ಬಂದೊಡನೆ ಆತಿಥೇಯನೇ, “ಅಯ್ಯಾ, ಇಲ್ಲಿಯ ಅಳತೆ ಇಷ್ಟು” ಎಂದು ತಿಳಿಸುವ ಏರ್ಪಾಡು. ಇದಕ್ಕೂ ಹಿಂದೆ, ಕೇಂಬ್ರಿಜ್‌ನಲ್ಲಿ ಹುಟ್ಟಿದ ಜೆನ್ ಎಂಬ ಇನ್ನೊಂದು ಪದ್ಧತಿಯ ಸಾರಥಿಯಲ್ಲಿ ಬೇರೊಂದು ತೊಡಕಿದ್ದಿತು. ಅಲ್ಲಿ ಗಂಟಿನ ಅಳತೆಯನ್ನು ಬರೆಯಲು ಇರುವ ಜಾಗ ಹದಿನಾರು ಬಿಟ್ಟುಗಳು. ಆದುದರಿಂದ ೬೫,೫೩೫ಕ್ಕಿಂತ ದೊಡ್ಡ ಸಂಖ್ಯೆಯನ್ನು ಬರೆಯಲಾಗದು. ತಲೆಬರಹವೂ ಸೇರಿ ಗಂಟು ಅದನ್ನು ಮೀರಿದರೆ ಲೆಕ್ಕವೇ ತಪ್ಪುವುದು. ೨೦೧೩ರಲ್ಲಿ ಅದನ್ನು ತಿದ್ದಿದವರು ಎರಡು ಕೆಲಸಗಳನ್ನು ಮಾಡಿದರು: ಅತಿಥಿಯು ಕಟ್ಟುವ ಗಂಟನ್ನೇ ಕಿರಿದುಮಾಡಿಸಿದರು, ಹಾಗಿದ್ದೂ ದೊಡ್ಡದೊಂದು ಬಂದರೆ ಅದನ್ನು ಎಸೆಯುವಾಗ ಒಂದು ಎಚ್ಚರಿಕೆಯನ್ನು ಬರೆಯುವಂತೆ ಮಾಡಿದರು. ಈ ಎರಡನೆಯದನ್ನು ಓದಿದಾಗ ನನಗೆ ಮೊದಲನೆಯದಕ್ಕಿಂತ ಹೆಚ್ಚು ಸಂತೋಷವಾಯಿತು. ಎಸೆಯಬೇಕಾದುದನ್ನು ಎಸೆಯಲಿ, ಎಸೆದೆನೆಂದು ಹೇಳಲಿ.

ಈಗ ಬೆಂಗಳೂರಿನ ಬ್ರಾಡ್‌ಗೇಜ್ ಬಂಡಿ ಇಳಿಸುವ ಕೆಲಸವಿಲ್ಲದೆ ನೇರವಾಗಿ ಮೈಸೂರಿಗೆ ಹೋಗುತ್ತದೆ. ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಇದ್ದ ಮೆಟ್ರೋದ ಕಡಿವು ೨೦೨೩ರ ಅಕ್ಟೋಬರಿನಲ್ಲಿ ಕೂಡಿಕೊಂಡಿತು. ಆ ತರುಣನಂಥವರು ಈಗ ಇಳಿದು ಹತ್ತಬೇಕಾಗಿಲ್ಲ. ಆದರೆ ದಾರಿಗಳೆಲ್ಲ ಒಂದೇ ಅಗಲವಾದರೂ ಅಳತೆಯೆಂಬುದು ಲೋಕದಿಂದ ಹೋಗಿಬಿಡುವುದಿಲ್ಲ. ಯಂತ್ರಕ್ಕೊಂದು, ಸುರಂಗಕ್ಕೊಂದು, ಮನುಷ್ಯನ ಕಿವಿಗೊಂದು ಅಳತೆ ಇದ್ದೇ ಇರುವುದು. ನಾವು ದಿನವೂ ಒಬ್ಬರನ್ನೊಬ್ಬರು “ಕ್ಷೇಮವೇ, ಊಟವಾಯಿತೇ” ಎಂದು ಕೇಳಿ, ಉತ್ತರ ಬಂದಿತಾದುದರಿಂದ ದಾರಿ ಸರಿಯಾಗಿದೆಯೆಂದು ತಿಳಿಯುವೆವು. ಭಾರವಾದ ಮಾತೊಂದು ಬಂದ ದಿನವೇ ಅದರ ಪರೀಕ್ಷೆ.

ತಂದೆಯವರು ತೀರಿಕೊಂಡು ಬಹಳ ವರ್ಷಗಳಾದುವು. ಅವರ ಮೇಜಿನಲ್ಲಿ ಸಿಕ್ಕಿದ ಒಂದು ಹಳೆಯ ಚೀಟಿಯ ನಕಲನ್ನು ನಾನು ಕಚೇರಿಯಲ್ಲಿ ಇಟ್ಟುಕೊಂಡಿದ್ದೇನೆ. ಹೊಸದಾಗಿ ಸೇರಿದ ಹುಡುಗರು ಅದೇನೆಂದು ಕೇಳುತ್ತಾರೆ. ಕೇಳಿದವರಿಗೆ ಈ ಕತೆಯನ್ನು ಹೇಳುತ್ತೇನೆ. ಹೇಳಿ, ಅವರು ಏನನ್ನಾದರೂ ಹೇಳಬಯಸುವರೋ ಎಂದು ತಲೆಯೆತ್ತಿ ನೋಡುತ್ತೇನೆ.